ನವಿಲಿನ ಕೋಣೆ

ಲಂಡನ್ನಿನ ಪ್ರಿನ್ಸಸ್ ಗೇಟ್ ಬೀದಿಯ 49ನೆಯ ಮನೆ ಲಿವರ್‌ಪೂಲಿನ ಹಡಗು ವ್ಯಾಪಾರಿ ಫ್ರೆಡರಿಕ್ ಲೇಲೆಂಡನದು. 1876ರಲ್ಲಿ ಆ ಮನೆಯ ಊಟದ ಕೋಣೆಗೆ ಬಣ್ಣ ಬಳಿದವನು ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್. ಬಳಿದ ಬಣ್ಣ ಉಳಿಯಿತು. ಹಲವು ವರ್ಷಗಳ ಸ್ನೇಹ ಅಳಿಯಿತು.

ವಿಸ್ಲರ್ ಹುಟ್ಟಿದ್ದು 1834ರಲ್ಲಿ, ಅಮೆರಿಕದ ಲೋವೆಲ್ ಪಟ್ಟಣದಲ್ಲಿ. ತಂದೆ ರೈಲುದಾರಿಯ ಎಂಜಿನಿಯರು. ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯಕ್ಕೆ ಸೇರಿದ ಮಗನಿಗೆ ರಸಾಯನಶಾಸ್ತ್ರ ಒಲಿಯಲಿಲ್ಲ. ವಿದ್ಯಾಲಯವೂ ಅವನನ್ನು ಇಟ್ಟುಕೊಳ್ಳಲಿಲ್ಲ. ಪ್ಯಾರಿಸಿನಲ್ಲಿ ಚಿತ್ರಕಲೆಯನ್ನು ಕಲಿತು ಲಂಡನ್ನಿನಲ್ಲಿ ನೆಲೆಸಿದ. ತಾಯಿಯನ್ನು ಕೂರಿಸಿ 1871ರಲ್ಲಿ ಬರೆದ ಚಿತ್ರದಿಂದ ಅವನ ಹೆಸರನ್ನು ಇಂದಿಗೂ ಲೋಕ ಬಲ್ಲದು. ಚೀಣದ ನೀಲಿ ಪಿಂಗಾಣಿ, ಜಪಾನಿನ ಅಚ್ಚಿನ ಚಿತ್ರಗಳು ಎಂದರೆ ಅವನಿಗೆ ಪ್ರಾಣ. ಲೇಲೆಂಡನಿಗೂ ಪಿಂಗಾಣಿಯ ಹುಚ್ಚು ಹಿಡಿದಿತ್ತು. ಒಬ್ಬನಲ್ಲಿ ಕಣ್ಣಿತ್ತು, ಇನ್ನೊಬ್ಬನಲ್ಲಿ ಹಣವಿತ್ತು. ಸ್ನೇಹ ಬೆಳೆಯಲು ಅಷ್ಟು ಸಾಕಾಯಿತು.

ಊಟದ ಕೋಣೆಯನ್ನು ರಚಿಸಿದವನು ವಾಸ್ತುಶಿಲ್ಪಿ ಥಾಮಸ್ ಜೆಕಿಲ್. ಗೋಡೆಗಳಿಗೆ ಹೂಬಳ್ಳಿಯ ಬೆಲೆಬಾಳುವ ಹಳೆಯ ಚರ್ಮವನ್ನು ಹೊದಿಸಿ, ಪಿಂಗಾಣಿಯನ್ನಿಡಲು ಮರದ ಜಾಲಂದ್ರದಂಥ ಅರೆಗಳನ್ನು ನಿಲ್ಲಿಸಿದ. ಅಗ್ಗಿಷ್ಟಿಕೆಯ ಮೇಲೆ ವಿಸ್ಲರನೇ ಬರೆದಿದ್ದ ಪಿಂಗಾಣಿ ನಾಡಿನ ರಾಜಕುಮಾರಿಯ ಚಿತ್ರ. ಅಷ್ಟರಲ್ಲಿ ಜೆಕಿಲ್ ಕಾಯಿಲೆಬಿದ್ದ. ಚರ್ಮದ ಮೇಲಿನ ಕೆಂಪು ಹೂಗಳು ರಾಜಕುಮಾರಿಯ ಬಣ್ಣಕ್ಕೆ ಒಪ್ಪುವುದಿಲ್ಲವೆಂದು ವಿಸ್ಲರನಿಗೆ ತೋರಿತು. ಸ್ವಲ್ಪ ತಿದ್ದಲು ಲೇಲೆಂಡನಿಂದ ಅನುಮತಿಯನ್ನೂ ಪಡೆದ. ಯಜಮಾನ ಲಿವರ್‌ಪೂಲಿಗೆ ಹೊರಟುಹೋದ ಮೇಲೆ ಆ ಸ್ವಲ್ಪಕ್ಕೆ ಮಿತಿಯೇ ಉಳಿಯಲಿಲ್ಲ. ಮೇಲ್ಚಾವಣಿಗೆ ಹೊಂಬಣ್ಣದ ಹಾಳೆ ಏರಿತು, ಅದರ ಮೇಲೆ ನವಿಲುಗರಿ ಮೂಡಿತು. ಕಿಟಕಿಯ ಬಾಗಿಲುಗಳ ಮೇಲೆ ಚಿನ್ನದ ನವಿಲುಗಳು ಬಾಲ ಇಳಿಬಿಟ್ಟವು. ಮನೆಯವರಿಲ್ಲದ ಮನೆಗೆ ಚಿತ್ರಕಾರ ಊರಿನ ರಸಿಕರನ್ನೂ ಪತ್ರಿಕೆಯವರನ್ನೂ ತಾನೇ ಆಹ್ವಾನಿಸತೊಡಗಿದ!

ಬಳಿಕ ಕೂಲಿಯ ಮಾತು ಬಂತು. ವಿಸ್ಲರ್ ಕೇಳಿದ್ದು 2,000 ಗಿನಿ. ಇಷ್ಟು ಕೆಲಸವನ್ನು ತಾನು ಹೇಳಿಯೇ ಇರಲಿಲ್ಲವೆಂದು ಲೇಲೆಂಡ್ ಅರ್ಧಕ್ಕೆ ಇಳಿಸಿದ; ಅದನ್ನೂ ಗಿನಿಯಲ್ಲಿ ಕೊಡದೆ ಪೌಂಡಿನಲ್ಲಿ ಲೆಕ್ಕ ಹಾಕಿದ. ಗಿನಿಗೆ 21 ಷಿಲಿಂಗು, ಪೌಂಡಿಗೆ 20. ನಷ್ಟವಾದ ಷಿಲಿಂಗುಗಳಿಗಿಂತ ಅದರೊಳಗಿನ ಅವಮಾನ ದೊಡ್ಡದು. ಆ ಕಾಲದ ಇಂಗ್ಲೆಂಡಿನಲ್ಲಿ ಕಲಾವಿದನ ಸಂಭಾವನೆ ಗಿನಿಯಲ್ಲಿ, ಕಸಬುದಾರನ ಕೂಲಿ ಪೌಂಡಿನಲ್ಲಿ.

ಸೇಡು ತೀರಿಸಿಕೊಳ್ಳಲು ವಿಸ್ಲರನ ಬಳಿ ಕುಂಚವಿತ್ತು. ಹಳೆಯ ಚರ್ಮದ ಮೇಲೆಲ್ಲ ನವಿಲುಗೊರಳಿನ ಹಸಿರು ಬೆರೆತ ಗಾಢ ನೀಲಿಯನ್ನು ಬಳಿದುಬಿಟ್ಟ. ರಾಜಕುಮಾರಿಗೆ ಎದುರಾದ ಗೋಡೆಯ ಮೇಲೆ ಕಾದಾಡುವ ಎರಡು ನವಿಲುಗಳನ್ನು ಚಿನ್ನದಲ್ಲಿ ಬರೆದ. ಒಂದರ ಕಾಲ ಬಳಿ ಬೆಳ್ಳಿಯ ನಾಣ್ಯಗಳು ಚೆಲ್ಲಿವೆ, ಅದು ಲೇಲೆಂಡ್. ಇನ್ನೊಂದರ ತಲೆಯ ಮೇಲೆ ಬಿಳಿಯ ಗರಿಯೊಂದು ನಿಮಿರಿದೆ. ಅದು ತನ್ನ ಕರಿಗೂದಲಿನ ನಡುವೆ ಬಿಳಿಯ ಎಳೆಯನ್ನು ಮೆರೆಸುತ್ತಿದ್ದ ವಿಸ್ಲರ್. 1877ರಲ್ಲಿ ಕೆಲಸ ಮುಗಿಯಿತು, ಆ ಮನೆಯ ಬಾಗಿಲೂ ಅವನಿಗೆ ಮುಚ್ಚಿತು.

ಕಲೆಯ ಗೆಲುವೆಂದು ಇದನ್ನು ಹಾಡಿಹೊಗಳುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಗೋಡೆ ವಿಸ್ಲರನದಲ್ಲ, ಅಳಿಸಿಹೋದ ಕೆಲಸದ ಹಿಂದೆ ಜೆಕಿಲ್ ಎಂಬ ಇನ್ನೊಬ್ಬ ಕಲಾವಿದನ ಯೋಜನೆಯಿತ್ತು. ಪಾಪ, ಆತ 1881ರಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ ತೀರಿಕೊಂಡ.

ವಿಸ್ಲರನ ಮುಂದಿನ ದಿನಗಳು ಕಠಿನವಾದವು. ತನ್ನ ಚಿತ್ರವನ್ನು ಹಳಿದ ರಸ್ಕಿನ್ನನ ಮೇಲೆ ಹೂಡಿದ ಮಾನನಷ್ಟದ ಮೊಕದ್ದಮೆಯಲ್ಲಿ 1878ರಲ್ಲಿ ಗೆದ್ದ. ದೊರೆತ ಪರಿಹಾರ ಒಂದೇ ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿಯಾದ. ಸಾಲಗಾರರ ಸಾಲಿನಲ್ಲಿ ಮುಂದೆ ನಿಂತಿದ್ದವನು ಲೇಲೆಂಡ್. ವೆನಿಸ್ಸಿಗೆ ಹೋಗಿ, ತಾಮ್ರದ ಫಲಕಗಳಲ್ಲಿ ಆ ನೀರಿನ ನಗರವನ್ನು ಕೊರೆದು ತಂದು, ಮತ್ತೆ ತಲೆಯೆತ್ತಿದ. 1903ರಲ್ಲಿ ಲಂಡನ್ನಿನಲ್ಲಿ ಮಡಿದ.

ಇಷ್ಟೆಲ್ಲದರ ನಡುವೆ ಲೇಲೆಂಡ್ ಆ ಕೋಣೆಯನ್ನು ಮುಟ್ಟಲಿಲ್ಲ. ಬಣ್ಣಗಾರನೊಬ್ಬನನ್ನು ಕರೆಸಿ ಒಂದೇ ದಿನದಲ್ಲಿ ಆ ನವಿಲುಗಳನ್ನು ಮರೆಸಬಹುದಾಗಿತ್ತು. ತನ್ನನ್ನು ಅಣಕಿಸುವ ಗೋಡೆಯನ್ನು ಹಾಗೆಯೇ ಇರಗೊಟ್ಟು, 1892ರಲ್ಲಿ ತಾನು ಸಾಯುವವರೆಗೆ ಆತ ಅದನ್ನು ಉಳಿಸಿಕೊಂಡ. ದ್ವೇಷ ಅವನಲ್ಲಿ ಕಡಿಮೆಯಿರಲಿಲ್ಲ. ಆದರೂ ಚೆಲುವನ್ನು ಕಂಡ ಕಣ್ಣು ಕೈಯನ್ನು ತಡೆದಿರಬೇಕು.

1904ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀರ್ ಆ ಕೋಣೆಯನ್ನೇ ಕೊಂಡು, ಬಿಚ್ಚಿಸಿ, ಡೆಟ್ರಾಯಿಟಿಗೆ ಸಾಗಿಸಿದ. ಅವನ ತರುವಾಯ ಅದು ವಾಷಿಂಗ್ಟನ್ನಿನಲ್ಲಿ 1923ರಲ್ಲಿ ತೆರೆದ ಫ್ರೀರ್ ಕಲಾಶಾಲೆಯನ್ನು ಸೇರಿತು. ಅಲ್ಲಿ ರಾಜಕುಮಾರಿಯ ಎದುರಿಗೆ ಆ ಎರಡು ನವಿಲುಗಳು ಇನ್ನೂ ಕಾದಾಡುತ್ತಿವೆ.