ಮಾಂಟೆ ಕಾರ್ಲೋವಿನಲ್ಲಿ ಬೊಕ್ಕಸ ಬರಿದುಮಾಡಿದ ಚಾರ್ಲ್ಸ್ ವೆಲ್ಸನ ಚರಿತ್ರೆ

ಚಾರ್ಲ್ಸ್ ವೆಲ್ಸ್ ಎಂಬವನು 1841ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಫ್ರಾನ್ಸ್ ದೇಶದ ಮಾರ್ಸೇಲ್ ಪಟ್ಟಣದಲ್ಲಿ ಬೆಳೆದನು. ಯಂತ್ರವಿದ್ಯೆಯಲ್ಲಿ ಅವನಿಗೆ ಒಳ್ಳೇ ಜ್ಞಾನವಿತ್ತು. ಆ ಕಸುಬಿನಿಂದಲೇ ಮರ್ಯಾದೆಯಾಗಿ ಬಾಳಬಹುದಾಗಿತ್ತು. ಆದರೆ ಅವನು ಲಂಡನಿಗೆ ಬಂದು, ಹೊಸ ಹೊಸ ಯಂತ್ರಗಳನ್ನು ಕಲ್ಪಿಸಿದ್ದೇನೆಂದು ವರ್ತಮಾನಪತ್ರಿಕೆಗಳಲ್ಲಿ ಪ್ರಕಟಿಸಿ, ಲಾಭದ ಆಶೆ ತೋರಿಸಿ, ಜನರಿಂದ ಹಣ ತರಿಸತೊಡಗಿದನು. ಕಲ್ಲಿದ್ದಲನ್ನು ಉಳಿಸುವ ಯಂತ್ರವೊಂದಕ್ಕಾಗಿ ಒಬ್ಬ ಕುಲೀನ ಸ್ತ್ರೀಯು ಕೊಟ್ಟದ್ದೇ ಸುಮಾರು 19,000 ಪೌಂಡು.

1891ನೇ ಜುಲೈ ತಿಂಗಳಲ್ಲಿ ವೆಲ್ಸನು ಮೊನಾಕೊ ಎಂಬ ಚಿಕ್ಕ ಸಂಸ್ಥಾನದ ಮಾಂಟೆ ಕಾರ್ಲೋವಿಗೆ ಹೋದನು. ಅಲ್ಲಿಯ ಜೂಜಿನ ಅರಮನೆಯನ್ನು 1863ರಲ್ಲಿ ಫ್ರಾನ್ಸ್ವಾ ಬ್ಲಾಂಕನೆಂಬ ಚತುರನು ವಹಿಸಿಕೊಂಡಿದ್ದನು. ಅವನು 1877ರಲ್ಲಿ ತೀರಿಹೋದ ಮೇಲೆ ಅವನ ಮಗನು ಅದನ್ನು ನಡಿಸುತ್ತಿದ್ದನು. ಮೊನಾಕೊವಿನ ಪ್ರಜೆಗಳಿಗೆ ಮಾತ್ರ ಅಲ್ಲಿ ಆಡಲು ಅಪ್ಪಣೆಯಿರಲಿಲ್ಲ; ಇದು ಯೋಚಿಸತಕ್ಕ ಸಂಗತಿ.

ವಾಚಕರು ಆ ಆಟದ ಲೆಕ್ಕವನ್ನು ತಿಳಿಯಬೇಕು. ತಿರುಗುವ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳಿವೆ. ಒಂದೇ ಅಂಕೆಯ ಮೇಲೆ ಒಂದು ನಾಣ್ಯವಿಟ್ಟು ಗೆದ್ದವನಿಗೆ 35 ನಾಣ್ಯಗಳನ್ನು ಕೊಡುವರು. ನ್ಯಾಯವಾಗಿ 36 ಸಲ್ಲಬೇಕು. ಈ ಸಣ್ಣ ಕೊರತೆಯೇ ಯಜಮಾನನ ಬೆಳೆ. ದಿನವಿಡೀ ಸಾವಿರಾರು ಸಲ ಚಕ್ರ ತಿರುಗುವದರಿಂದ, ಯಾರೋ ಒಬ್ಬನು ಗೆದ್ದರೆ ಅವನಿಗೆ ಭಯವೇನೂ ಇಲ್ಲ.

ಭಯವಿಲ್ಲದ್ದು ಮಾತ್ರವಲ್ಲ, ಗೆಲ್ಲುವವನು ಅವನಿಗೆ ಬೇಕಾದವನೇ. ಒಂದೊಂದು ಮೇಜಿಗೂ ಪ್ರತಿದಿನ 1,00,000 ಫ್ರಾಂಕುಗಳನ್ನು ಇಡುತ್ತಿದ್ದರು. ಅದು ತೀರಿದರೆ ಆಟ ನಿಲ್ಲಿಸಿ, ಸಾವು ಸಂಭವಿಸಿತೋ ಎಂಬಂತೆ ಮೇಜಿಗೆ ಕರೀ ಬಟ್ಟೆ ಹೊದಿಸಿ, ಒಳಗಿನಿಂದ ಬೇರೆ ಹಣ ತರಿಸುವರು. ಇದನ್ನೇ ಬೊಕ್ಕಸ ಬರಿದಾಯಿತೆಂದು ಹೇಳುವರು. ಬರಿದಾದದ್ದು ಒಂದು ಮೇಜು. ನಿಜವಾದ ಬೊಕ್ಕಸವು ತುಂಬಿಯೇ ಇತ್ತು. ಆದರೂ ಆ ಕರೀ ಬಟ್ಟೆಯನ್ನು ಕಂಡವರೆಲ್ಲರು ಬೆರಗಾಗಿ, ತಾವೂ ಹಾಗೆಯೇ ಗೆಲ್ಲುವೆವೆಂದು ಕೈಚೀಲ ಬಿಚ್ಚುವರು. ನಮ್ಮ ಜಾತ್ರೆಗಳಲ್ಲಿ ಜೂಜಾಡಿಸುವವನು ತನ್ನ ಕೂಟದವನೊಬ್ಬನನ್ನು ಮೊದಲು ಗೆಲ್ಲಿಸಿ ಜನ ಕೂಡಿಸುತ್ತಾನಲ್ಲವೇ? ಮಾಂಟೆ ಕಾರ್ಲೋವಿನಲ್ಲಿ ಅಷ್ಟು ಶ್ರಮವೂ ಬೇಕಿರಲಿಲ್ಲ. ಪರಸ್ಥನು ಗೆದ್ದರೂ ಫಲ ಒಂದೇ.

ವೆಲ್ಸನು ಆ ಬೇಸಿಗೆಯಲ್ಲಿ ಅನೇಕ ಸಾರಿ ಮೇಜನ್ನು ಬರಿದುಮಾಡಿದನು. ನವೆಂಬರಿನಲ್ಲಿ ತಿರಿಗಿ ಹೋಗಿ ತಿರಿಗಿ ಗೆದ್ದನು. ಲಂಡನಿನ ಪತ್ರಿಕೆಗಳು ಅವನ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದವು. ಫ್ರೆಡ್ ಗಿಲ್ಬರ್ಟನು ಈ ವಿಷಯದಲ್ಲಿ ಕಟ್ಟಿದ ಹಾಡನ್ನು ಚಾರ್ಲ್ಸ್ ಕೋಬರ್ನನು ನಾಟಕಶಾಲೆಗಳಲ್ಲಿ ಹಾಡಿದ್ದರಿಂದ, ಬೀದಿಯ ಹುಡುಗರ ಬಾಯಲ್ಲಿಯೂ ಮಾಂಟೆ ಕಾರ್ಲೋವಿನ ಹೆಸರು ನಿಂತಿತು. ಯಜಮಾನನು ಹಣ ಕೊಟ್ಟು ಸಾರಿಸಿದರೂ ಇಷ್ಟು ಪ್ರಸಿದ್ಧಿ ದೊರೆಯುತ್ತಿರಲಿಲ್ಲ.

ಮುಂದಿನ ವರುಷ ವೆಲ್ಸನು ದೊಡ್ಡ ವಿಲಾಸನೌಕೆಯಲ್ಲಿ ಅಲ್ಲಿಗೆ ಹೋಗಿ ಸೋತನು. ಆ ಸೋಲನ್ನು ಕುರಿತು ಯಾರೂ ಹಾಡು ಕಟ್ಟಲಿಲ್ಲ. ಅವನು ಆಡಿದ್ದು ಯಂತ್ರಗಳಿಗಾಗಿ ಕೊಟ್ಟವರ ಹಣದಿಂದಲೇ ಎಂದು ಬಳಿಕ ಹೊರಬಿತ್ತು. 1892ನೇ ದಶಂಬರದಲ್ಲಿ ಫ್ರಾನ್ಸಿನ ಹಾವ್ರ ರೇವಿನಲ್ಲಿ ಹಿಡಿಯಲ್ಪಟ್ಟು, 1893ರಲ್ಲಿ ಲಂಡನಿನ ನ್ಯಾಯಸ್ಥಾನದಿಂದ ಎಂಟು ವರುಷದ ಶಿಕ್ಷೆ ಹೊಂದಿದನು. ಬಿಡುಗಡೆಯಾದ ಮೇಲೂ ಬುದ್ಧಿ ತಿದ್ದಲಿಲ್ಲ. ಪ್ಯಾರಿಸಿನಲ್ಲಿ ಬೇರೆ ಹೆಸರಿನಿಂದ ಬ್ಯಾಂಕು ತೆರೆದು, ವಿಪರೀತ ಬಡ್ಡಿಯ ಮಾತುಕೊಟ್ಟು, ಹೊಸಬರ ಹಣವನ್ನೇ ಹಳಬರಿಗೆ ಬಡ್ಡಿಯಾಗಿ ಹಂಚುತ್ತಿದ್ದನು. ಆದಕ್ಕೂ ಸೆರೆ ಅನುಭವಿಸಿದನು.

1922ರಲ್ಲಿ ಅವನು ಪ್ಯಾರಿಸಿನಲ್ಲಿ ಬಡವನಾಗಿ ಸತ್ತನು. ಕೋಬರ್ನನು ಮುದುಕನಾದ ಮೇಲೂ ಆ ಗೆಲುವಿನ ಹಾಡನ್ನು ಹಾಡುತ್ತಲೇ ಇದ್ದನು.