ಕಸಕ್ಕೆ ಬೆಂಕಿ ಹಚ್ಚೋ ಮುಂಚೆ ಈ ಸಾಹೇಬರ ಬದುಕು ಓದ್ರಿ

ಮುಂಡರಗಿ: ಹಂಗಾಮು ಮುಗೀತಂದ್ರ ಹತ್ತಿ ಕಟಗಿ, ಗೋವಿನಜೋಳದ ದಂಟು, ಸೂರ್ಯಕಾಂತಿ ದಂಟಿಗೆ ಹೊಲದಾಗ ಬೆಂಕಿ ಹಚ್ಚೋದು ನಮ್ಮ ಕಡೆ ರೂಢಿ ಆಗಿಬಿಟ್ಟಿದೆ. ಹಿರೇವಡ್ಡಟ್ಟಿ ಇರಲಿ, ಡಂಬಳ ಇರಲಿ, ಕಥೆ ಒಂದೇ. ಮುಂದೆ ಮುಂಗಾರಿಗೆ ಅದೇ ರೈತ ಡಿಎಪಿ, ಯೂರಿಯಾಕ್ಕೆ ಸಾಲು ನಿಲ್ತಾನೆ. ಹೊಲದಾಗ ಸುಡೋದು ಕಸ ಅಲ್ಲ, ಗೊಬ್ಬರ ಅಂತ ಸುಮಾರು ನೂರು ವರ್ಷದ ಹಿಂದೆನೇ ಮಾಡಿ ತೋರಿಸಿದವರು ಸರ್ ಆಲ್ಬರ್ಟ್ ಹೋವರ್ಡ್.

ಹೋವರ್ಡ್ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನ ಒಂದು ಒಕ್ಕಲುತನದ ಮನೆಯಲ್ಲಿ. ಕೇಂಬ್ರಿಜ್‌ನಲ್ಲಿ ಓದಿದ್ರು. 1899ರಲ್ಲಿ ವೆಸ್ಟ್ ಇಂಡೀಸ್‌ಗೆ ಹೋಗಿ ಕಬ್ಬಿನ ರೋಗಗಳ ಮೇಲೆ ಕೆಲಸ ಮಾಡಿದ್ರು. ಅಲ್ಲೇ ಅವರಿಗೆ ಒಂದು ಕೊರಗು ಹತ್ತಿತು. ಪ್ರಯೋಗಾಲಯದಲ್ಲಿ ಕೂತು ರೈತನಿಗೆ ಬುದ್ಧಿ ಹೇಳೋದು ಸುಲಭ. ಆದ್ರೆ ಆ ಬುದ್ಧಿಮಾತನ್ನ ತಾನೇ ಮಾಡಿ ನೋಡೋಕೆ ಕೈಯಲ್ಲಿ ಒಂದು ತುಂಡು ಹೊಲ ಇರಲಿಲ್ಲ.

1905ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನ ಬಿಹಾರದ ಪೂಸಾ ಕೃಷಿ ಸಂಶೋಧನಾ ಕೇಂದ್ರಕ್ಕೆ ಸಸ್ಯ ವಿಜ್ಞಾನಿಯಾಗಿ ಕಳಿಸಿತು. ಅದೇ ವರ್ಷ ಗೇಬ್ರಿಯಲ್ ಅವರನ್ನ ಮದುವೆ ಆದ್ರು. ಆಕೆನೂ ಕೇಂಬ್ರಿಜ್‌ನಲ್ಲಿ ಕಲಿತ ವಿಜ್ಞಾನಿ. ಗಂಡ-ಹೆಂಡತಿ ಇಬ್ಬರೂ ಜೋಡಿ ಎತ್ತಿನಂಗೆ ದುಡಿದ್ರು. ಪೂಸಾ 4, ಪೂಸಾ 12 ಅನ್ನೋ ಹೆಸರಾದ ಗೋಧಿ ತಳಿ ಇವರ ಕೆಲಸದಿಂದಲೇ ಬಂದವು.

ಪೂಸಾದಲ್ಲಿ ಅವರಿಗೆ 75 ಎಕರೆ ಹೊಲ ಸಿಕ್ಕಿತು. ಸುತ್ತಲಿನ ರೈತರು ಔಷಧ ಹೊಡೀದೇನೇ ಒಳ್ಳೆ ಪೀಕು ತೆಗೀತಿದ್ರು. ಹೋವರ್ಡ್ ಅವರನ್ನ ನೋಡಿ ನೋಡಿ ಕಲಿತ್ರು. ಸಾಹೇಬರಾಗಿ ಬಂದವರು ರೈತರನ್ನೇ ಗುರು ಅಂತ ಒಪ್ಪಿಕೊಂಡ್ರು. ಅವರ ಎತ್ತುಗಳು ಕಾಲುಬಾಯಿ ಜ್ವರ ಬಂದ ಪಕ್ಕದ ದನಗಳಿಗೆ ಮೂತಿ ಹಚ್ಚಿದ್ರೂ ಜ್ವರ ಬೀಳಲಿಲ್ಲ ಅಂತ ಅವರೇ ಬರೆದಿಟ್ಟಿದ್ದಾರೆ. ಮಣ್ಣು ಗಟ್ಟಿಯಿದ್ರೆ ಮೇವು ಗಟ್ಟಿ, ಮೇವು ಗಟ್ಟಿಯಿದ್ರೆ ದನ ಗಟ್ಟಿ ಅನ್ನೋದು ಅವರ ನಂಬಿಕೆ.

1924ರಲ್ಲಿ ಇಂದೋರಿಗೆ ಬಂದ್ರು. ಹತ್ತಿ ಬೆಳೆಯೋ ನಾಡು, ನಮ್ಮ ಎರಿ ಹೊಲದಂಥದೇ ಕಪ್ಪು ಮಣ್ಣು. ಅಲ್ಲಿಯ ಸಸ್ಯ ಉದ್ಯಮ ಸಂಸ್ಥೆಯ ಮುಖ್ಯಸ್ಥರಾಗಿ, ಯಶವಂತ ವಾಡ್ ಅನ್ನೋ ಸಹೋದ್ಯೋಗಿ ಜತೆ ಸೇರಿ ಗೊಬ್ಬರ ಮಾಡೋ ಪದ್ಧತಿ ಪಕ್ಕಾ ಮಾಡಿದ್ರು. ಅದೇ ಇಂದೋರ್ ಪದ್ಧತಿ.

ಅದರಲ್ಲಿ ಗುಟ್ಟೇನಿಲ್ಲ. ಹೊಲದ ಕಸ ತಂದು ದನದ ಕೆಳಗೆ ಹಾಸೋದು. ಅದನ್ನ ಸೆಗಣಿ, ಗಂಜಳ ಕುಡಿದ ಮಣ್ಣು, ಒಲೆ ಬೂದಿ ಜತೆ ಸುಮಾರು ಎರಡು ಅಡಿ ತಗ್ಗಿನಲ್ಲಿ ಪದರ ಪದರವಾಗಿ ತುಂಬಿ ನೀರು ಚಿಮುಕಿಸೋದು. ಮೂರು ಸಲ ತಿರುವಿ ಹಾಕೋದು. ಮೂರು ತಿಂಗಳಿಗೆ ಗೊಬ್ಬರ ತಯಾರು. ಹತ್ತಿ ಕಟಗಿ, ತೊಗರಿ ಕಟಗಿ ಗಟ್ಟಿ, ಬೇಗ ಕೊಳೆಯಲ್ಲ. ಅದಕ್ಕೆ ಅವನ್ನ ಹೊಲದ ದಾರಿ ಮೇಲೆ ಹಾಸಿಬಿಡ್ತಿದ್ರು. ಓಡಾಡೋ ಚಕ್ಕಡಿ ಗಾಲಿ, ದನದ ಕಾಲಿಗೆ ಸಿಕ್ಕು ಅವು ತಾವೇ ಪುಡಿಯಾಗ್ತಿದ್ವು. ಖರ್ಚಿಲ್ಲದ ಯಂತ್ರ.

1930ರಲ್ಲಿ ಗೇಬ್ರಿಯಲ್ ತೀರಿಕೊಂಡ್ರು. ಮರುವರ್ಷ ಕೃಷಿ ತ್ಯಾಜ್ಯದ ಬಗ್ಗೆ ವಾಡ್ ಜತೆ ಬರೆದ ಪುಸ್ತಕ ಹೊರಬಂತು, ಹೋವರ್ಡ್ ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದ್ರು. 1934ರಲ್ಲಿ ಸರ್ ಪದವಿ ಬಂತು. 1935ರಲ್ಲಿ ಗಾಂಧೀಜಿ ಇಂದೋರಿಗೆ ಹೋದಾಗ ಈ ಗೊಬ್ಬರದ ಕೆಲಸ ನೋಡಿದ್ರು. ರಾಸಾಯನಿಕ ಗೊಬ್ಬರ ಒಂದನ್ನೇ ನಂಬಬಾರದು ಅಂತ ಹೋವರ್ಡ್ ಕೊನೇತನಕ ವಾದ ಮಾಡಿದ್ರು. ಎಷ್ಟೋ ವಿಜ್ಞಾನಿಗಳು ಒಪ್ಪಲಿಲ್ಲ. 1947ರ ಅಕ್ಟೋಬರ್‌ನಲ್ಲಿ ತೀರಿಹೋದ್ರು. ಇವತ್ತು ಸಾವಯವ ಕೃಷಿ ಅಂತ ಎಲ್ಲೇ ಮಾತು ಬಂದ್ರೂ ಅವರ ಹೆಸರು ಬರ್ತದೆ.

ಇಷ್ಟೆಲ್ಲಾ ಗೊತ್ತಿದ್ದೂ ನಾವ್ಯಾಕೆ ಮಾಡಲ್ಲ? ಎರಡೆಕರೆ ರೈತನ ಮನೆಯಲ್ಲಿ ಈಗ ಎತ್ತಿಲ್ಲ, ಸೆಗಣಿ ಇಲ್ಲ, ತಗ್ಗು ತಿರುವಿ ಹಾಕೋಕೆ ಆಳಿಲ್ಲ. ಒಬ್ಬನಿಗೆ ಆಗದ ಕೆಲಸ ಇದು. ಆದ್ರೆ ಒಬ್ಬನಿಗೆ ಆಗದ್ದನ್ನ ಕೂಡಿ ಮಾಡೋದು ಹೆಂಗೆ ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಜಿಲ್ಲೆನೇ ಅಲ್ರೀ. ಹೋವರ್ಡ್ ಪೂಸಾಕ್ಕೆ ಬಂದ ಅದೇ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ರು. ಸಾಹುಕಾರನ ಬಡ್ಡಿಯಿಂದ ಪಾರಾಗೋಕೆ ರೈತರು ಅವತ್ತು ರೊಕ್ಕ ಕೂಡಿಸಿದ್ರು. ಇವತ್ತು ಕೂಡಿಸಬೇಕಾಗಿದ್ದು ಕಸ.

ಊರಿನ ಸಂಘಕ್ಕೆ ಒಂದಿಷ್ಟು ಜಾಗ, ಸಾಲಾಗಿ ತಗ್ಗು, ಕಟಗಿ ಪುಡಿ ಮಾಡೋ ಒಂದು ಯಂತ್ರ ಇದ್ರೆ ಸಾಕು. ದನ ಇದ್ದವರು ಸೆಗಣಿ ತರಲಿ, ಇಲ್ಲದವರು ದಂಟು ತರಲಿ. ಸಂತೆ ಮುಗಿದ ಮೇಲೆ ಉಳಿಯೋ ಕೊಳೆತ ಉಳ್ಳಾಗಡ್ಡಿ, ಸೊಪ್ಪಿನ ಕಸ ಅಂಗಡಿಯವರು ಕಳಿಸಲಿ. ತಿರುವಿ ಹಾಕೋಕೆ ಮುಯ್ಯಾಳು ಪದ್ಧತಿ ನಮಗೇನು ಹೊಸದಲ್ಲ. ಯಾರು ಎಷ್ಟು ಚಕ್ಕಡಿ ತಂದ್ರು ಅಂತ ಬರೆದಿಟ್ಟು, ಅದೇ ಲೆಕ್ಕದ ಮೇಲೆ ಗೊಬ್ಬರ ಹಂಚಿದ್ರೆ ಜಗಳನೂ ಇಲ್ಲ. ನೀರು, ಆಳು ಎರಡಕ್ಕೂ ಬರ ಇದ್ರೆ ಬೆಂಗಳೂರು ಪದ್ಧತಿ ಇದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯರು ರೂಪಿಸಿದ್ದು. ತಗ್ಗಿಗೆ ಮಣ್ಣು ಮೆತ್ತಿ ಬಿಟ್ಟರಾಯ್ತು, ತಿರುವೋದು ಬೇಕಿಲ್ಲ. ಗೊಬ್ಬರ ಆಗೋಕೆ ಆರು ತಿಂಗಳ ಮೇಲೆ ಹಿಡೀತದೆ ಅಷ್ಟೇ.

ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಸಾಲ, ಬಡ್ಡಿ ಮಾತಾಡಿದ ಮೇಲೆ ಗೊಬ್ಬರದ ತಗ್ಗಿನ ಮಾತೂ ಒಂದು ಎತ್ತಿ ನೋಡ್ರಿ.