ವಿಜ್ಞಾನದ ಸೀಟು ನಿರಾಕರಿಸಿದ ಊರಲ್ಲೇ ಆರೋಗ್ಯ ಇಲಾಖೆ ಮುಖ್ಯಸ್ಥೆಯಾದ ಮೇರಿ ಪುನ್ನನ್ ಲೂಕೋಸ್

ಆಪರೇಷನ್‌ಗೆ ಬಳಸುವ ಕತ್ತರಿ, ಇಕ್ಕಳಗಳನ್ನು ಪ್ರತಿ ಬಾರಿಯೂ ಶುದ್ಧ ಮಾಡಬೇಕು ಎನ್ನುವುದು ಇಂದು ಎಲ್ಲರಿಗೂ ಗೊತ್ತಿರುವ ವಿಷಯ. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಇರಲಿ, ತಿರುವನಂತಪುರದ ತೈಕ್ಕಾಡ್ ಆಸ್ಪತ್ರೆ ಇರಲಿ, ಹೆರಿಗೆ ಕೋಣೆಯ ಮೊದಲ ನಿಯಮವೇ ಅದು. ಆದರೆ ನೂರು ವರ್ಷಗಳ ಹಿಂದೆ ಹೆರಿಗೆಗೆ ಆಸ್ಪತ್ರೆಗೆ ಹೋಗುವುದೆಂದರೇ ಜನ ಹೆದರುತ್ತಿದ್ದರು. ಆ ಹೆದರಿಕೆ ಹೋಗಲಾಡಿಸಲು ದುಡಿದವರಲ್ಲಿ ದೊಡ್ಡ ಹೆಸರು ಡಾ. ಮೇರಿ ಪುನ್ನನ್ ಲೂಕೋಸ್.

ಓದಲು ಬಾಗಿಲು ಮುಚ್ಚಿತ್ತು

ಮೇರಿ ಹುಟ್ಟಿದ್ದು 1886ರಲ್ಲಿ, ಕೊಟ್ಟಾಯಂ ಬಳಿಯ ಅಯ್ಮನಂನಲ್ಲಿ. ತಂದೆ ಡಾ. ಟಿ. ಇ. ಪುನ್ನನ್ ತಿರುವಾಂಕೂರು ಅರಮನೆಯ ವೈದ್ಯರು. ತಿರುವನಂತಪುರದ ಹೋಲಿ ಏಂಜಲ್ಸ್ ಕಾನ್ವೆಂಟ್‌ನಲ್ಲಿ ಓದಿ ಮೆಟ್ರಿಕ್ಯುಲೇಷನ್‌ನಲ್ಲಿ ಮೊದಲ ಸ್ಥಾನ ಪಡೆದ ಮೇರಿಗೆ ಮಹಾರಾಜ ಕಾಲೇಜಿನಲ್ಲಿ ವಿಜ್ಞಾನ ಓದಲು ಅವಕಾಶ ಸಿಗಲಿಲ್ಲ. ಕಾರಣ ಒಂದೇ, ಅವರು ಹೆಣ್ಣು. ಅನಿವಾರ್ಯವಾಗಿ ಇತಿಹಾಸ ಆರಿಸಿಕೊಂಡು 1909ರಲ್ಲಿ ಬಿಎ ಮುಗಿಸಿದರು. ಕಾಲೇಜಿನಲ್ಲಿ ಆಗ ಇದ್ದ ಏಕೈಕ ವಿದ್ಯಾರ್ಥಿನಿ ಅವರೇ.

ವೈದ್ಯೆಯಾಗುವ ಆಸೆಯನ್ನು ಮಾತ್ರ ಅವರು ಬಿಡಲಿಲ್ಲ. ಲಂಡನ್‌ಗೆ ಹೋಗಿ ಎಂಬಿಬಿಎಸ್ ಪದವಿ ಪಡೆದರು. ಕೇರಳದಿಂದ ವೈದ್ಯಕೀಯ ಪದವಿ ಪಡೆದ ಮೊದಲ ಮಹಿಳೆ ಎನಿಸಿಕೊಂಡರು. ಡಬ್ಲಿನ್‌ನ ರೊಟುಂಡಾ ಆಸ್ಪತ್ರೆಯಲ್ಲಿ ಹೆರಿಗೆ ಚಿಕಿತ್ಸೆ, ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಮಕ್ಕಳ ಚಿಕಿತ್ಸೆಯ ತರಬೇತಿಯನ್ನೂ ಪಡೆದರು.

ಬಾಣಂತಿ ಜ್ವರದ ಕಾಲ

1916ರಲ್ಲಿ ಊರಿಗೆ ಮರಳಿದ ಮೇರಿ ತೈಕ್ಕಾಡ್‌ನ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಸೇರಿದರು. ತಂದೆ ತೀರಿಕೊಂಡಿದ್ದೂ ಅದೇ ವರ್ಷ. ಮರುವರ್ಷ ವಕೀಲರಾಗಿದ್ದ ಕೆ. ಕೆ. ಲೂಕೋಸ್ ಅವರನ್ನು ಮದುವೆಯಾದರು. ಲೂಕೋಸ್ ಮುಂದೆ ಹೈಕೋರ್ಟ್ ನ್ಯಾಯಾಧೀಶರಾದರು.

ಆಗ ಪೆನಿಸಿಲಿನ್ ಇರಲಿಲ್ಲ. ಶುದ್ಧವಾಗಿಲ್ಲದ ಕೈ ಅಥವಾ ಸಲಕರಣೆಯಿಂದ ಸೋಂಕು ತಗುಲಿದರೆ ಬಾಣಂತಿ ಬದುಕುವುದೇ ಕಷ್ಟ. ಕೈ ತೊಳೆದರೆ ಈ ಸಾವು ತಗ್ಗುತ್ತದೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೀಸ್ 1847ರಲ್ಲೇ ತೋರಿಸಿದ್ದರು. 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಬಳಕೆಯನ್ನು ಜಗತ್ತಿಗೆ ತಿಳಿಸಿದರು. 1879ರಲ್ಲಿ ಶಾಂಬರ್ಲಾಂ ಒತ್ತಡದ ಹಬೆಯಿಂದ ಸಲಕರಣೆ ಶುದ್ಧ ಮಾಡುವ ಆಟೋಕ್ಲೇವ್ ರೂಪಿಸಿದರು. ಈ ತಿಳಿವಳಿಕೆ ಆಸ್ಪತ್ರೆಗಳನ್ನು ಮುಟ್ಟಿದ್ದರೂ ಬಹುಪಾಲು ಹೆರಿಗೆಗಳು ನಡೆಯುತ್ತಿದ್ದುದು ಮನೆಯಲ್ಲಿ, ಸೂಲಗಿತ್ತಿಯರ ಕೈಯಲ್ಲಿ.

ಇಲ್ಲಿಯೇ ಮೇರಿ ಜಾಣತನ ತೋರಿದರು. ಸೂಲಗಿತ್ತಿಯರನ್ನು ದೂರವಿಡುವ ಬದಲು ಅವರ ಮಕ್ಕಳಿಗೇ ಆಸ್ಪತ್ರೆಯಲ್ಲಿ ತರಬೇತಿ ಶುರು ಮಾಡಿದರು. ಇದರಿಂದ ಸ್ಥಳೀಯರ ವಿರೋಧ ತಗ್ಗಿತು, ವಿಶ್ವಾಸ ಬೆಳೆಯಿತು. ಕೇರಳದ ಮೊದಲ ಸಿಸೇರಿಯನ್ ಹೆರಿಗೆಯನ್ನು 1920ರಲ್ಲಿ ಅವರೇ ಮಾಡಿಸಿದರು ಎಂದು ದಾಖಲಾಗಿದೆ. ಹೊಟ್ಟೆ ಕೊಯ್ದು ಮಗು ತೆಗೆಯುವ ಕೆಲಸದಲ್ಲಿ ಕುದಿಸಿದ ಸಲಕರಣೆ, ತೊಳೆದ ಕೈಗಳೇ ಅಂದಿನ ದೊಡ್ಡ ರಕ್ಷಣೆ.

32 ಆಸ್ಪತ್ರೆಗಳ ಹೊಣೆ

1924ರಲ್ಲಿ, ರಾಣಿ ಸೇತು ಲಕ್ಷ್ಮೀಬಾಯಿ ಆಡಳಿತ ವಹಿಸಿಕೊಂಡ ವರ್ಷ, ತಿರುವಾಂಕೂರಿನ ವೈದ್ಯಕೀಯ ಇಲಾಖೆಯ ಚುಕ್ಕಾಣಿ ಮೇರಿ ಕೈಗೆ ಬಂತು. 1920ರ ದಶಕದಲ್ಲೇ ಸಂಸ್ಥಾನದ ಶಾಸನಸಭೆಗೆ ನಾಮಕರಣಗೊಂಡು ಅಲ್ಲಿನ ಮೊದಲ ಮಹಿಳಾ ಸದಸ್ಯೆಯೂ ಆದರು. 1938ರಲ್ಲಿ ಪೂರ್ಣ ಪ್ರಮಾಣದ ಸರ್ಜನ್ ಜನರಲ್ ಆದಾಗ 32 ಸರ್ಕಾರಿ ಆಸ್ಪತ್ರೆ, 40 ಡಿಸ್ಪೆನ್ಸರಿ ಮತ್ತು 20 ಖಾಸಗಿ ಸಂಸ್ಥೆಗಳು ಅವರ ಉಸ್ತುವಾರಿಯಲ್ಲಿದ್ದವು. ಅಮೆರಿಕದಲ್ಲಿ ಆ ಹುದ್ದೆಗೆ ಮಹಿಳೆಯೊಬ್ಬರು ಬಂದಿದ್ದು 1990ರಲ್ಲಿ.

ನಾಗರಕೋಯಿಲ್‌ನ ಕ್ಷಯರೋಗ ಆಸ್ಪತ್ರೆ ಮತ್ತು ತಿರುವನಂತಪುರದ ಎಕ್ಸ್‌ರೇ ಹಾಗೂ ರೇಡಿಯಂ ಸಂಸ್ಥೆ ಅವರ ಎರಡು ದೊಡ್ಡ ಕೊಡುಗೆಗಳು. ರೇಡಿಯಂ ಇದ್ದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಹಿಡಿಯುತ್ತದೆ. ಒಂದು ಸೂಜಿ ಕಳೆದರೂ, ಸೋರಿದರೂ ಅಪಾಯ. ಹೀಗಾಗಿ ಸೀಸದ ಪೆಟ್ಟಿಗೆಯಲ್ಲಿಟ್ಟು, ಬಳಸಿದ ಮೇಲೆ ಎಣಿಸಿ, ಪರೀಕ್ಷಿಸಿ ಇಡಬೇಕಾಗುತ್ತದೆ. ಯಂತ್ರ ತರಿಸುವುದಷ್ಟೇ ಅಲ್ಲ, ಅದನ್ನು ಕಾಪಾಡುವ ಜನರೂ ಬೇಕು.

ಕೊನೆಯ ದಿನಗಳು

ಮನೆಯಲ್ಲಿ ಮಾತ್ರ ನೋವಿನ ಮೇಲೆ ನೋವು. 1947ರಲ್ಲಿ ಪತಿ ತೀರಿಕೊಂಡರು. ವೈದ್ಯೆಯಾಗಿದ್ದ ಮಗಳು ಗ್ರೇಸಿ ಮತ್ತು ರಾಜತಾಂತ್ರಿಕರಾಗಿದ್ದ ಮಗ ಇಬ್ಬರೂ ತಾಯಿಗಿಂತ ಮೊದಲೇ ಅಗಲಿದರು. 1975ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. 1976ರ ಅಕ್ಟೋಬರ್ 2ರಂದು, 90ನೇ ವಯಸ್ಸಿನಲ್ಲಿ ಮೇರಿ ಕೊನೆಯುಸಿರೆಳೆದರು.

ಸೇತು ಲಕ್ಷ್ಮೀಬಾಯಿ ವಾಸವಿದ್ದ ಪೂಜಪ್ಪುರದ ಸ್ಯಾಟೆಲ್‌ಮಂಡ್ ಅರಮನೆ ಈಗ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಬಯೋಮೆಡಿಕಲ್ ವಿಭಾಗ. ರಾಣಿ ಇದ್ದ ಕೋಣೆಗಳಲ್ಲಿ ಇಂದು ವೈದ್ಯಕೀಯ ಸಾಧನಗಳ ತಯಾರಿ, ಪರೀಕ್ಷೆ ನಡೆಯುತ್ತಿದೆ.